ಮದುವೆಯ ಮುಂಗಡ, ಮದುವೆಯ ರಜೆ

ಪುತ್ತೂರು, ಸುಳ್ಯ ಮತ್ತು ಈ ಎರಡು ತಾಲೂಕುಗಳ ಗ್ರಾಮಗಳನ್ನೇ ಹೆಚ್ಚಾಗಿ ಸೇರಿಸಿಕೊಂಡು ಈಚೆಗೆ ರೂಪುಗೊಂಡ ಕಡಬ, ಇವು ಮೂರೂ ಪಶ್ಚಿಮ ಘಟ್ಟದ ಬುಡದಲ್ಲಿ, ಕುಮಾರಧಾರಾ ಮತ್ತು ಪಯಸ್ವಿನಿ ಹೊಳೆಗಳ ಆಸುಪಾಸಿನಲ್ಲಿ ಹಬ್ಬಿರುವ ಗದ್ದೆ, ತೋಟ, ಕಾಡುಗಳ ಸೀಮೆ. ದುಡಿಯುವವನು ತನ್ನ ಮದುವೆಗಾಗಿ ಕೆಲಸ ಕೊಟ್ಟವನ ಮುಂದೆ ಬಂದು ನಿಲ್ಲುವ ಸಂದರ್ಭ ಇಲ್ಲಿಗೆ ಹೊಸದಲ್ಲವಾದರೂ, ಆತ ಅಲ್ಲಿ ಏನನ್ನು ಕೇಳುತ್ತಿದ್ದ ಎಂಬುದು ಕಳೆದ ಇನ್ನೂರು ವರ್ಷಗಳಲ್ಲಿ ಪೂರ್ತಿ ಬದಲಾಗಿದೆ. ಇಂದು ಕೇಳುವುದು ದಿನಗಳನ್ನು. ಹಿಂದೆ ಕೇಳುತ್ತಿದ್ದುದು ಅಕ್ಕಿ, ಹಣ ಮತ್ತು ಒಪ್ಪಿಗೆಯನ್ನು. ಕೊಟ್ಟ ದಿನಗಳು ಮುಗಿದು ಹೋಗುತ್ತವೆ, ಕೊಟ್ಟ ಅಕ್ಕಿ ಮತ್ತು ಹಣ ಮಾತ್ರ ಪಡೆದವನ ಹೆಸರಿನಲ್ಲಿ ಸಾಲವಾಗಿ ಉಳಿದು, ಕೆಲವೊಮ್ಮೆ ಅವನ ಮಕ್ಕಳ ತನಕವೂ ಮುಂದುವರಿಯುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ದಕ್ಷಿಣ ಕನ್ನಡದಲ್ಲಿ ಬೇಸಾಯದ ಆಳುಗಳು ಎರಡು ಬಗೆಯವರಾಗಿದ್ದರು. ಮೂಲವರ್ಗಕ್ಕೆ, ಅಂದರೆ ವಂಶಪಾರಂಪರ್ಯವಾಗಿ ಅನುಭವಿಸಿಕೊಂಡು ಬಂದ ಭೂಹಿಡುವಳಿಗೆ, ತಲೆಮಾರುಗಳಿಂದ ಕಟ್ಟುಬಿದ್ದವರು ಮೂಲದಾಳುಗಳೆಂದೂ, ಪಡೆದ ಸಾಲಕ್ಕೆ ದುಡಿಮೆಯನ್ನು ಒತ್ತೆಯಿಟ್ಟವರು ಸಾಲದಾಳುಗಳೆಂದೂ ಕರೆಸಿಕೊಳ್ಳುತ್ತಿದ್ದರು. 1801ರಲ್ಲಿ ತುಳುನಾಡನ್ನು ಹಾದುಹೋದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಇಂಥ ಆಳುಗಳ ಮದುವೆಯ ವೆಚ್ಚವನ್ನು ಒಡೆಯನೇ ಭರಿಸುತ್ತಿದ್ದುದನ್ನು ದಾಖಲಿಸಿದ್ದಾನೆ. ಇದನ್ನು ಒಡೆಯನ ಔದಾರ್ಯವೆಂದು ಓದುವವರಿದ್ದಾರೆ. ಆದರೆ ಆಳಿನ ಮದುವೆಯೆಂದರೆ ಗದ್ದೆಗೆ ಇನ್ನೊಂದು ಜೋಡಿ ಕೈ ಬರುವುದು, ಹುಟ್ಟುವ ಮಕ್ಕಳು ಒಬ್ಬ ಒಡೆಯನ ಲೆಕ್ಕಕ್ಕೆ ಸೇರುವುದು ಎಂದೇ ಅರ್ಥವಾಗಿದ್ದ ಕಾಲದಲ್ಲಿ, ಆ ವೆಚ್ಚವನ್ನು ಬಂಡವಾಳವೆಂದು ಕರೆಯುವುದೇ ಸರಿ.

1843ರ ಐದನೆಯ ಕಾಯ್ದೆ ಗುಲಾಮಗಿರಿಯ ಹಕ್ಕುಗಳಿಗೆ ನ್ಯಾಯಾಲಯದ ಮನ್ನಣೆಯನ್ನು ತೆಗೆದುಹಾಕಿತು, 1860ರ ದಂಡ ಸಂಹಿತೆ ಮನುಷ್ಯರನ್ನು ಗುಲಾಮರೆಂದು ಕೊಳ್ಳುವುದನ್ನೂ ಮಾರುವುದನ್ನೂ ಅಪರಾಧವೆಂದು ಸಾರಿತು. ಆದರೂ 1894ರಲ್ಲಿ ಪ್ರಕಟವಾದ ಸ್ಟರಕ್‌ನ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿಯ ಹೊತ್ತಿಗೆ ಮೂಲದಾಳಿಗೂ ಸಾಲದಾಳಿಗೂ ಹೆಚ್ಚಿನ ವ್ಯತ್ಯಾಸ ಉಳಿದಿರಲಿಲ್ಲ: ಇಬ್ಬರ ತಲೆಯ ಮೇಲೂ ಸಾಲವಿತ್ತು, ಹೊಸ ಧಣಿ ಆ ಸಾಲವನ್ನು ವಹಿಸಿಕೊಂಡರೆ ಮಾತ್ರ ಹಳೆಯ ಧಣಿಯನ್ನು ಬಿಟ್ಟು ಹೋಗಲು ಸಾಧ್ಯವಿತ್ತು. ಕೂಲಿಯೇ ಭತ್ತ ಅಥವಾ ಅಕ್ಕಿಯ ರೂಪದಲ್ಲಿ ಸಿಗುತ್ತಿದ್ದ ಕಾರಣ ಆಳಿನ ಕೈಯಲ್ಲಿ ನಗದು ಕಾಣುತ್ತಿದ್ದುದು ಅಪರೂಪ, ಮದುವೆಗೋ ನಗದು ಬೇಕೇ ಬೇಕು. ಹುಲ್ಲಿನಿಂದ ಬಿಗಿದು ಕಟ್ಟಿದ ಅಕ್ಕಿಯ ಮುಡಿ, ಸೀರೆ, ಒಂದಿಷ್ಟು ರೂಪಾಯಿ ಇವಿಷ್ಟೂ ಧಣಿಯ ಚಾವಡಿಯಿಂದಲೇ ಬರಬೇಕಾಗಿದ್ದುದರಿಂದ, ಮದುವೆ ಅವಸರದ್ದಾದಷ್ಟೂ ಕೇಳುವವನ ಮಾತಿಗೆ ಬಲ ಕಡಿಮೆಯಾಗುತ್ತಿತ್ತು.

ಅವಸರಕ್ಕೆ ಕಾರಣಗಳಿಗೇನೂ ಕೊರತೆಯಿರಲಿಲ್ಲ. ಹಾಸಿಗೆ ಹಿಡಿದ ಹಿರಿಯರು ಕಣ್ಮುಚ್ಚುವ ಮೊದಲು ಧಾರೆ ನೋಡಬೇಕೆನ್ನುವುದು ಒಂದು. ತುಳು ಪಂಚಾಂಗದ ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಅವಧಿ, ಮದುವೆಗೆ ವರ್ಜ್ಯವಾದ್ದರಿಂದ ಅದಕ್ಕೆ ಮೊದಲೇ ಮುಗಿಸಬೇಕೆನ್ನುವುದು ಇನ್ನೊಂದು. ಮಳೆ ಹಿಡಿಯುವ ಮೊದಲಿನ ಏಪ್ರಿಲ್, ಮೇ ತಿಂಗಳುಗಳೇ ಮದುವೆಗೆ ಒಪ್ಪುವ ಕಾಲವಾಗಿದ್ದವು. ಈ ಲೆಕ್ಕ ಎಲ್ಲ ಕಸುಬಿನವರಿಗೂ ಒಗ್ಗುತ್ತಿರಲಿಲ್ಲವೆಂಬುದಕ್ಕೆ ಯಕ್ಷಗಾನದ ವೃತ್ತಿ ಕಲಾವಿದರು ಉದಾಹರಣೆ: ಮೇ ಕೊನೆಯ ವಾರದ ಪತ್ತನಾಜೆಯಂದು ಗೆಜ್ಜೆ ಬಿಚ್ಚುವವರೆಗೆ ಮೇಳದ ತಿರುಗಾಟ ನಡೆದೇ ಇರುವುದರಿಂದ, ಊರಿಗೆಲ್ಲ ಮದುವೆಯ ಕಾಲವೆನಿಸಿದ್ದು ಅವರಿಗೆ ಪ್ರತಿ ರಾತ್ರಿ ಬಣ್ಣ ಹಚ್ಚಬೇಕಾದ ಕಾಲವಾಗಿತ್ತು.

ಅಡಿಕೆ ತೋಟದಲ್ಲಿ ಇಕ್ಕಟ್ಟು ಇನ್ನೂ ಬಿಗಿಯಾದುದು. ಕೊಳೆರೋಗವೆಂಬ ಶಿಲೀಂಧ್ರ ರೋಗ ಮಳೆಗಾಲದಲ್ಲಿ ಎಳೆಯ ಕಾಯಿಗಳನ್ನು ಉದುರಿಸಿಬಿಡುವುದರಿಂದ, ಮೈಲುತುತ್ತು ಮತ್ತು ಸುಣ್ಣವನ್ನು ಬೆರೆಸಿದ ಬೋರ್ಡೋ ದ್ರಾವಣವನ್ನು ಮುಂಗಾರು ಬೀಳುವ ಮೊದಲೇ ಗೊನೆಗಳಿಗೆ ಸಿಂಪಡಿಸಬೇಕು, ಸುಮಾರು ನಲವತ್ತು ನಲವತ್ತೈದು ದಿನ ಕಳೆದ ಮೇಲೆ ಮತ್ತೊಮ್ಮೆ ಸಿಂಪಡಿಸಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಈ ರೋಗದ ಮೇಲೆ ನಡೆಸಿದ ಸಂಶೋಧನೆಯ ಅನಂತರ ಮದ್ದು ಬಿಡುವ ಕ್ರಮ ಅಡಿಕೆ ನಾಡಿನಲ್ಲೆಲ್ಲ ನೆಲೆಗೊಂಡಿತು; ಅದರೊಂದಿಗೆ ಮರ ಏರಿ, ಒಂದು ಮರದ ತುದಿಯಿಂದ ಪಕ್ಕದ ಮರಕ್ಕೆ ದಾಟುತ್ತ ಮದ್ದು ಬಿಡಬಲ್ಲ ಆಳಿನ ಬೆಲೆಯೂ ಏರಿತು. ಮೇ ಕೊನೆಗೆ ಅಂಥ ಆಳಿನ ಮದುವೆ ನಿಶ್ಚಯವಾದರೆ ಧಣಿಗೆ ಚಿಂತೆ ಹಿಡಿಯುತ್ತಿತ್ತು, ಏಕೆಂದರೆ ಬದಲಿ ಆಳು ಸಿಗದೆ ವಾರ ತಪ್ಪಿದರೆ ಆ ವರ್ಷದ ಫಸಲೇ ಕೈತಪ್ಪುವ ಭಯವಿತ್ತು. ಈ ಸೀಮೆಯಲ್ಲಿ ಕೇಳುವವನ ಕೈ ಮೇಲಾದ ಸಂದರ್ಭಗಳನ್ನು ಹುಡುಕುವುದಾದರೆ ಇಲ್ಲಿಯೇ ಹುಡುಕಬೇಕು.

ಘಟ್ಟದ ಮೇಲಿನ ಕಾಫಿ ತೋಟಗಳ ಕಥೆ ಬೇರೆ. ಕೆಳಗಿನ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ಕೊಯ್ಲು ಮುಗಿಸಿದ ಕೂಲಿಗಳು ಸಂಪಾಜೆಯ ದಾರಿಯಾಗಿ ಕೊಡಗಿಗೆ ಹತ್ತಿ, ಮಳೆಗಾಲಕ್ಕೆ ಮುನ್ನ ಇಳಿದು ಬರುತ್ತಿದ್ದರು. ಅವರನ್ನು ಒಟ್ಟುಮಾಡಿ ಕರೆದೊಯ್ಯುವ ಮೇಸ್ತ್ರಿ ಮೊದಲೇ ಮುಂಗಡ ಕೊಟ್ಟಿರುತ್ತಿದ್ದ, ಮುಂಗಡ ಪಡೆದು ಕೆಲಸ ತಪ್ಪಿಸಿದವನನ್ನು 1859ರ ಕರಾರು ಭಂಗ ಕಾಯ್ದೆಯ ಪ್ರಕಾರ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಾಗಿತ್ತು. ಹಣ ಮರಳಿಸು ಅಥವಾ ದುಡಿದು ತೀರಿಸು ಎಂಬ ಆಜ್ಞೆಯನ್ನು ಪಾಲಿಸದವನಿಗೆ ಮೂರು ತಿಂಗಳ ಸೆರೆವಾಸದ ತನಕ ಶಿಕ್ಷೆಯಿತ್ತು. ಮದುವೆಯೆಂದು ನಡುವೆ ಊರಿಗೆ ಇಳಿದು ಹಿಂದಿರುಗದವನನ್ನು ಓಡಿಹೋದವನಿಂದ ಬೇರ್ಪಡಿಸಿ ನೋಡುವ ಮಾತು ಆ ಕಾಯ್ದೆಯಲ್ಲಿ ಇರಲಿಲ್ಲ. 1926ರಲ್ಲಿ ಅದು ರದ್ದಾಯಿತು.

ಸ್ವಾತಂತ್ರ್ಯಾನಂತರದ ಕಾನೂನುಗಳು ಸಾಲದ ಲೆಕ್ಕವನ್ನು ದಿನದ ಲೆಕ್ಕಕ್ಕೆ ತಿರುಗಿಸಿದವು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಚಾಲಗೇಣಿದಾರರನ್ನು, ಅಂದರೆ ಒಡೆಯನ ಇಷ್ಟದ ಮೇಲೆ ಉಳುಮೆ ಮಾಡುತ್ತಿದ್ದ ಒಕ್ಕಲುಗಳನ್ನು, ಭೂಮಿಯ ಒಡೆಯರನ್ನಾಗಿ ಮಾಡಿತು; 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಮುಂಗಡಕ್ಕಾಗಿಯೋ ಸಾಮಾಜಿಕ ಕಟ್ಟುಪಾಡಿಗಾಗಿಯೋ ಬಿದ್ದ ಜೀತದ ಸಾಲಗಳನ್ನು ಅಳಿಸಿಹಾಕಿತು. ಅದೇ ಕಾಲಕ್ಕೆ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದ ಹೆಣ್ಣುಮಕ್ಕಳು ಸಾವಿರ ಬೀಡಿಗೆ ಇಷ್ಟೆಂಬ ಲೆಕ್ಕದಲ್ಲಿ ಬಂದ ಮಜೂರಿಯನ್ನು ಕೂಡಿಟ್ಟು ತಮ್ಮ ಮದುವೆಯ ಚಿನ್ನವನ್ನು ತಾವೇ ಮಾಡಿಸಿಕೊಂಡದ್ದು, ಧಣಿಯ ಚಾವಡಿಗೆ ಬೆನ್ನು ತಿರುಗಿಸಿದ ಮೊದಲ ಹೆಜ್ಜೆಯಾಗಿ ಕಾಣುತ್ತದೆ. ಈ ಬದಲಾವಣೆಗೆ ಸಲ್ಲಬೇಕಾದಷ್ಟು ಗಮನ ಇನ್ನೂ ಸಂದಿಲ್ಲ.

1986ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ ಪುತ್ತೂರಿಗೆ ಬಂದಾಗ ಅದರೊಂದಿಗೆ 1948ರ ಕಾರ್ಖಾನೆ ಕಾಯ್ದೆಯೂ ಊರಿನ ಅನುಭವಕ್ಕೆ ಬಂತು. ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳು ರಬ್ಬರ್ ಹಾಲು ತೆಗೆಯುತ್ತಿದ್ದ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಿಗೆ 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ಅನ್ವಯಿಸುತ್ತಿತ್ತು. ಎರಡರಲ್ಲೂ ವಯಸ್ಕ ಕಾರ್ಮಿಕನಿಗೆ ಇಪ್ಪತ್ತು ದಿನದ ಕೆಲಸಕ್ಕೆ ಒಂದು ದಿನದ ಸಂಬಳಸಹಿತ ರಜೆಯಿತ್ತು. ಕಾರ್ಖಾನೆ ಕಾಯ್ದೆಯ 79ನೆಯ ವಿಧಿ ಮಾತ್ರ ಇಲ್ಲಿನ ವಿಷಯಕ್ಕೆ ವಿಶೇಷವಾದುದು: ವರ್ಷದಲ್ಲಿ 240 ದಿನ ದುಡಿದವನಿಗಷ್ಟೇ ರಜೆಯ ಹಕ್ಕಿತ್ತು, ಅರ್ಜಿಯನ್ನು ಕನಿಷ್ಠ 15 ದಿನ ಮೊದಲು ಬರೆದು ಕೊಡಬೇಕಾಗಿತ್ತು, ವರ್ಷಕ್ಕೆ ಮೂರು ಬಾರಿಗಿಂತ ಹೆಚ್ಚು ಸಲ ಪಡೆಯುವಂತಿರಲಿಲ್ಲ. ಕಾಯಿಲೆ ಬಿದ್ದವನಿಗೆ ಈ ಗಡುವಿನಿಂದ ವಿನಾಯಿತಿಯಿತ್ತು; ವಾರದೊಳಗೆ ಮದುವೆ ನಿಶ್ಚಯವಾದವನಿಗೆ ಇರಲಿಲ್ಲ.

ಸರಕಾರಿ ಸೇವೆಯಲ್ಲಿಯೂ ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ. ಮದುವೆಯ ಕಾಲವೂ ಬೇಸಿಗೆ ರಜೆಯೂ ಕೂಡಿಬರುವ ಶಾಲಾ ಶಿಕ್ಷಕರಿಗೆ ಕಷ್ಟ ಕಡಿಮೆ. ಕಚೇರಿಯ ಗುಮಾಸ್ತರು ನೆಚ್ಚುವ ಸಾಂದರ್ಭಿಕ ರಜೆಯನ್ನು 2019ರಲ್ಲಿ ನಾಲ್ಕನೆಯ ಶನಿವಾರದ ರಜೆ ಕೊಟ್ಟಾಗ 15ರಿಂದ 10 ದಿನಕ್ಕೆ ಇಳಿಸಲಾಯಿತು. ಹೆಣ್ಣಾದರೆ ದಿನಗಳನ್ನು ಮಾತ್ರವಲ್ಲ, ಅನುಮತಿಯನ್ನೇ ಕೇಳಬೇಕಾಗಿದ್ದ ಹುದ್ದೆಗಳೂ ಇದ್ದವು. ಸುಳ್ಯದಿಂದ ಘಟ್ಟ ಹತ್ತಿದರೆ ಸಿಗುವ ಕೊಡಗಿನವರಾದ ಸಿ.ಬಿ. ಮುತ್ತಮ್ಮ ವಿದೇಶಾಂಗ ಸೇವೆಯಲ್ಲಿದ್ದ ಇಂಥದೊಂದು ನಿಯಮವನ್ನು ಸುಪ್ರೀಂ ಕೋರ್ಟಿಗೆ ಕೊಂಡೊಯ್ದಾಗ, 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಕಟುವಾಗಿ ಟೀಕಿಸಿದರು.

ಎಪ್ಪತ್ತರ ದಶಕದಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋದವರ ಮನೆಗಳಲ್ಲಿ ಮದುವೆಗೂ ರಜೆಗೂ ಇದ್ದ ಸಂಬಂಧ ತಲೆಕೆಳಗಾಯಿತು. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಸಿಗುವ ರಜೆ, ಪ್ರಾಯೋಜಕನ ಒಪ್ಪಿಗೆಯಿಲ್ಲದೆ ಕೆಲಸ ಬಿಡಲಾಗದ ಕಫಾಲಾ ವ್ಯವಸ್ಥೆ, ಎಷ್ಟೋ ಕಡೆ ಧಣಿಯ ಕಪಾಟಿನಲ್ಲೇ ಉಳಿಯುವ ಪಾಸ್‌ಪೋರ್ಟ್ ಇವುಗಳಿಂದಾಗಿ ಮೊದಲು ರಜೆ ನಿಶ್ಚಯವಾಗಿ, ಆಮೇಲೆ ಹೆಣ್ಣು, ಕೊನೆಗೆ ದಿನ ಗೊತ್ತಾಗುವ ಕ್ರಮ ಬೆಳೆಯಿತು. ಸಾಲದಾಳಿನ ಬಾಳಿಗೂ ಇದಕ್ಕೂ ಹೋಲಿಕೆಯಿಲ್ಲವೆಂದು ವಾದಿಸಬಹುದು. ಮದುವೆಯ ದಿನವನ್ನು ಧಣಿಯ ಒಪ್ಪಿಗೆ ತೀರ್ಮಾನಿಸುವುದಂತೂ ಎರಡರಲ್ಲೂ ಒಂದೇ.

2020ರ ಕಾರ್ಮಿಕ ಸಂಹಿತೆ ರಜೆಯ ಹಕ್ಕಿಗೆ ಬೇಕಾದ 240 ದಿನಗಳ ದುಡಿಮೆಯನ್ನು 180ಕ್ಕೆ ಇಳಿಸಿದೆಯಾದರೂ, ಮದುವೆಗೆಂದೇ ಪ್ರತ್ಯೇಕ ರಜೆಯನ್ನು ಅದರಲ್ಲಿ ಹೇಳಿಲ್ಲ. ದಿನಗೂಲಿಗೆ ಅಡಿಕೆ ತೋಟಕ್ಕೆ ಬರುವವನಿಗೆ ಆ ಸಂಹಿತೆಯಿಂದಲೂ ಪ್ರಯೋಜನವಿಲ್ಲ. ಅವನು ಅರ್ಜಿ ಬರೆಯಬೇಕಾಗಿಲ್ಲ, ಬರುವುದಿಲ್ಲವೆಂದು ಹೇಳಿದರೆ ಸಾಕು, ಆ ದಿನಗಳ ಕೂಲಿ ಅವನಿಗೆ ಸಿಗುವುದಿಲ್ಲ.