ಜಪ್ತಿಯಾಗದ ಆಸ್ತಿ

'ದಿ ಸೌಂಡ್ ಆಫ್ ಮ್ಯೂಸಿಕ್' ಎಂಬ ಇಂಗ್ಲಿಷ್ ಚಿತ್ರವನ್ನು ನೋಡದವರೂ ಅದರ ಕಥೆಯನ್ನು ಕೇಳಿರುತ್ತಾರೆ. 1965ರಲ್ಲಿ ತೆರೆಗೆ ಬಂದ ಈ ಚಿತ್ರದ ನೆರಳು ಗುಲ್ಜಾರರ 1972ರ 'ಪರಿಚಯ್' ಮೇಲೂ ಬಿದ್ದಿದೆ. ತಾಯಿಯಿಲ್ಲದ ಏಳು ಮಕ್ಕಳು, ಸೀಟಿ ಊದಿ ಅವರನ್ನು ಸಾಲಾಗಿ ನಿಲ್ಲಿಸುವ ಕಠೋರ ತಂದೆ, ಕಾನ್ವೆಂಟಿನಿಂದ ಬಂದು ಹಾಡು ಕಲಿಸುವ ಯುವತಿ, ಕೊನೆಗೆ ನಾಜಿಗಳ ಕಣ್ಣು ತಪ್ಪಿಸಿ ಬೆಟ್ಟ ಹತ್ತಿ ಪಾರಾಗುವ ಕುಟುಂಬ. ಆದರೆ ಇತಿಹಾಸದ ಫಾನ್ ಟ್ರಾಪ್ ಕುಟುಂಬ ಯಾವ ಬೆಟ್ಟವನ್ನೂ ಹತ್ತಲಿಲ್ಲ. ಅವರು ರೈಲು ಹತ್ತಿದರು. ಅವರ ಊರಾದ ಸಾಲ್ಜ್‌ಬರ್ಗಿನಿಂದ ಆ ಬೆಟ್ಟವನ್ನು ದಾಟಿದ್ದರೆ ನೇರವಾಗಿ ಹಿಟ್ಲರನ ಜರ್ಮನಿಗೇ ಹೋಗಿ ಇಳಿಯುತ್ತಿದ್ದರು.

ಚಿತ್ರ ಬಿಟ್ಟುಬಿಟ್ಟ ಕೆಲವು ಸಂಗತಿಗಳನ್ನು ನಾವಿಲ್ಲಿ ಹೇಳಬೇಕೆಂದಿದ್ದೇವೆ. ಚಳಿಗಾಲದ ಸಂಜೆ ಬೆಂಕಿಯ ಸುತ್ತ ಕೂತು ಹೆಣೆಯುವ, ಕೆತ್ತುವ, ಹಾಡುವ ಒಂದು ಮನೆ. ಆ ಮನೆ ಹಣ ಕಳೆದುಕೊಂಡಿತು, ಸೂರು ಕಳೆದುಕೊಂಡಿತು, ಕೊನೆಗೆ ದೇಶವನ್ನೂ ಕಳೆದುಕೊಂಡಿತು. ಹಬ್ಬಕ್ಕೆಂದು ಕಲಿತ ಹಾಡು ಮತ್ತು ಕೈಕೆಲಸ ಮಾತ್ರ ಅವರ ಜೊತೆಗೆ ಹಡಗು ಹತ್ತಿದವು. ಪರದೇಶದಲ್ಲಿ ಅವರಿಗೆ ಅನ್ನವಾದದ್ದೂ ಅವೇ.

ಆಲ್ಪ್ಸ್ ಪರ್ವತದ ಆ ಸೀಮೆಯಲ್ಲಿ ಇದು ಹೊಸ ಸಂಗತಿಯೇನಲ್ಲ. ಹಿಮ ಬಿದ್ದರೆ ಅಲ್ಲಿ ಹೊಲದ ಕೆಲಸ ನಿಲ್ಲುತ್ತದೆ. ಆಗ ಬಡವರ ಮನೆಗಳಲ್ಲಿ ಕೈಗೆ ಕೆಲಸ ಬೇಕಾಗುತ್ತಿತ್ತು. ಟಿರೋಲ್ ಪ್ರಾಂತದ ಜಿಲ್ಲರ್ ಕಣಿವೆಯ ಸ್ಟ್ರಾಸರ್ ಕುಟುಂಬ ಕೈಗವಸು ಮಾರಿ ಬದುಕುತ್ತಿತ್ತು. ಕ್ರಿಸ್‌ಮಸ್ ಸಮಯದಲ್ಲಿ ಅವರು ಜರ್ಮನಿಯ ಲೈಪ್‌ಜಿಗ್ ಸಂತೆಗೆ ಹೋಗುತ್ತಿದ್ದರು. ಗಿರಾಕಿಗಳನ್ನು ಸೆಳೆಯಲು ಅಣ್ಣ ತಂಗಿಯರು ಸೇರಿ ಹಾಡುತ್ತಿದ್ದರು. 1831ರ ಚಳಿಗಾಲದಲ್ಲಿ ಅವರು ಅಲ್ಲಿ ಹಾಡಿದ ಒಂದು ಹಾಡು ಎಷ್ಟು ಹಿಡಿಸಿತೆಂದರೆ, ಅದನ್ನು ಮತ್ತೆ ಕೇಳಲು ನಗರದ ಜನ ಗಾಯನ ಕಾರ್ಯಕ್ರಮವನ್ನೇ ಏರ್ಪಡಿಸಿದರು. ಇಂದು ಜಗತ್ತೆಲ್ಲ 'ಸೈಲೆಂಟ್ ನೈಟ್' ಎಂದು ಕರೆಯುವ ಹಾಡು ಅದು. ಹೀಗೆ ಅದು ಕೈಗವಸುಗಳ ಗಂಟಿನ ಜೊತೆಗೆ ಹೊರಜಗತ್ತಿಗೆ ಬಂತು.

ಆ ಹಾಡು ಹುಟ್ಟಿದ್ದೂ ಬಡವರ ನಡುವೆ. ಸಾಲ್ಜ್‌ಬರ್ಗ್ ಸಮೀಪದ ಓಬರ್ನ್‌ಡಾರ್ಫ್ ಎಂಬ ಊರಿನ ಕಿರಿಯ ಪಾದ್ರಿ ಯೋಸೆಫ್ ಮೋರ್ 1816ರಲ್ಲಿ ಅದನ್ನು ಪದ್ಯವಾಗಿ ಬರೆದಿದ್ದ. ಪಕ್ಕದ ಹಳ್ಳಿಯ ಶಾಲಾಮಾಸ್ತರ ಫ್ರಾಂಜ್ ಗ್ರೂಬರ್ 1818ರ ಡಿಸೆಂಬರ್ 24ರಂದು ಅದಕ್ಕೆ ರಾಗ ಹಾಕಿದ. ಅದೇ ರಾತ್ರಿ ಇಬ್ಬರೂ ಗಿಟಾರಿನೊಂದಿಗೆ ಹಾಡಿದರು. ಮೋರ್ ಒಬ್ಬ ಸಿಪಾಯಿಗೆ ಮದುವೆಯ ಹೊರಗೆ ಹುಟ್ಟಿದ ಮಗ. ಗ್ರೂಬರ್ ನೇಕಾರನ ಮಗ. ಮಗ್ಗದ ಮುಂದೆಯೇ ಬೆಳೆದವನು. ಹಾಡು ಊರೂರು ಸುತ್ತಿ ಅಚ್ಚಾದಾಗ ಅದರ ಮೇಲೆ ಇಬ್ಬರ ಹೆಸರೂ ಇರಲಿಲ್ಲ. ಅದನ್ನು ಟಿರೋಲಿನ ಜಾನಪದ ಗೀತೆ ಎಂದೇ ಜನ ತಿಳಿದರು. 1848ರಲ್ಲಿ ಮೋರ್ ತೀರಿಕೊಂಡ. 1854ರಲ್ಲಿ ಬರ್ಲಿನ್ನಿನಿಂದ ವಿಚಾರಣೆ ಬಂದಾಗ ಮುದುಕನಾಗಿದ್ದ ಗ್ರೂಬರ್, ಹಾಡು ಹುಟ್ಟಿದ ಬಗೆಯನ್ನು ಕಾಗದದ ಮೇಲೆ ಬರೆದಿಟ್ಟ.

ಹಬ್ಬದ ಕೈಕೆಲಸಕ್ಕೂ ಇಂಥದೇ ಚರಿತ್ರೆಯಿದೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರಗಳನ್ನು ಕ್ರೈಸ್ತರು ಅಡ್ವೆಂಟ್ ಎನ್ನುತ್ತಾರೆ. ಹಸಿರು ರೆಂಬೆಗಳನ್ನು ದುಂಡಗೆ ಕಟ್ಟಿ, ಅದರ ಮೇಲೆ ನಾಲ್ಕು ಮೇಣದ ಬತ್ತಿ ನಿಲ್ಲಿಸಿ, ಭಾನುವಾರಕ್ಕೊಂದರಂತೆ ಹಚ್ಚುತ್ತ ಹೋಗುವ ರೂಢಿ ಈಗ ಎಲ್ಲೆಡೆ ಇದೆ. ಇದು ತೀರಾ ಪುರಾತನ ಆಚಾರವಲ್ಲ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ದಿಕ್ಕಿಲ್ಲದ ಮಕ್ಕಳಿಗಾಗಿ ಆಶ್ರಮ ನಡೆಸುತ್ತಿದ್ದ ಯೋಹಾನ್ ವಿಖರ್ನ್ ಎಂಬ ಪಾದ್ರಿ ಒಂದು ಗಾಡಿಯ ಚಕ್ರದ ಮೇಲೆ ಮೇಣದ ಬತ್ತಿಗಳನ್ನು ಸಿಕ್ಕಿಸಿ ತೂಗುಹಾಕಿದ. ಭಾನುವಾರಗಳಿಗೆ ದೊಡ್ಡ ಬತ್ತಿ, ಉಳಿದ ದಿನಗಳಿಗೆ ಚಿಕ್ಕ ಬತ್ತಿ. ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ದಿನವೂ ಪೀಡಿಸುತ್ತಿದ್ದ ಮಕ್ಕಳು ಇನ್ನು ಬೆಳಕನ್ನೇ ಎಣಿಸಬಹುದಾಗಿತ್ತು. ಪ್ರಾಟೆಸ್ಟೆಂಟರ ಈ ರೂಢಿ ಕ್ಯಾಥೊಲಿಕ್ ಆಸ್ಟ್ರಿಯಾದ ಮನೆಗಳಿಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಫಾನ್ ಟ್ರಾಪ್ ಮನೆಗೆ ಇದನ್ನೆಲ್ಲ ತಂದವಳು ಮರಿಯಾ ಕುಚೇರಾ. 1926ರಲ್ಲಿ ಆಕೆ ನೊನ್‌ಬರ್ಗ್ ಕನ್ಯಾಮಠದಲ್ಲಿ ಸನ್ಯಾಸಿನಿಯಾಗಲು ತಯಾರಾಗುತ್ತಿದ್ದ ಅಧ್ಯಾಪಕಿ. ಮನೆಯ ಯಜಮಾನ ಗೆಯೋರ್ಗ್ ಫಾನ್ ಟ್ರಾಪ್ ಮೊದಲನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿಯ ದಂಡನಾಯಕನಾಗಿದ್ದ. ಆತ ಮುಳುಗಿಸಿದ ಒಂದೇ ಫ್ರೆಂಚ್ ಯುದ್ಧನೌಕೆಯಲ್ಲಿ ಆರುನೂರಕ್ಕೂ ಹೆಚ್ಚು ಜನ ಸತ್ತಿದ್ದರು ಎಂಬುದನ್ನು ಅಭಿಮಾನಿಗಳು ಮರೆಯಬಾರದು. ಯುದ್ಧ ಮುಗಿದಾಗ ಸಮುದ್ರತೀರವೇ ಆಸ್ಟ್ರಿಯಾದ ಕೈತಪ್ಪಿತು. ನೌಕಾಪಡೆ ಇಲ್ಲವಾಗಿ ಆತ ಕೆಲಸವಿಲ್ಲದೆ ಉಳಿದ. 1922ರಲ್ಲಿ ಹೆಂಡತಿ ಕೆಂಜ್ವರದಿಂದ ತೀರಿಹೋದಳು. ಅದೇ ಕಾಯಿಲೆಯಿಂದ ನಿತ್ರಾಣಳಾಗಿದ್ದ ಒಬ್ಬ ಮಗಳಿಗೆ ದೂರದ ಶಾಲೆಗೆ ನಡೆದು ಹೋಗಿಬರುವ ಶಕ್ತಿಯಿರಲಿಲ್ಲ. ಅವಳೊಬ್ಬಳಿಗೆ ಮನೆಯಲ್ಲೇ ಪಾಠ ಹೇಳಲೆಂದು ಮಠದವರು ಮರಿಯಾಳನ್ನು ಕಳಿಸಿದರು.

ಚಿತ್ರದಲ್ಲಿ ತೋರಿಸಿದಂತೆ ಆ ಮನೆ ಮೂಕವಾಗಿರಲಿಲ್ಲ. ತಂದೆ ಪಿಟೀಲು ಮತ್ತು ಮ್ಯಾಂಡೊಲಿನ್ ನುಡಿಸಬಲ್ಲವನಾಗಿದ್ದ; ಮಕ್ಕಳಿಗೂ ವಾದ್ಯ ಕಲಿಸಿದ್ದ. ಮರಿಯಾ ಸೇರಿಸಿದ್ದು ಕೂಡಿ ಹಾಡುವ ಶಿಸ್ತನ್ನು, ಹಬ್ಬವನ್ನು ಮನೆಯಲ್ಲೇ ಕಟ್ಟುವ ಬಗೆಯನ್ನು. ಮೊದಲ ಚಳಿಗಾಲದಲ್ಲಿ ಹಸಿರು ರೆಂಬೆಯ ಅಡ್ವೆಂಟ್ ಚಕ್ರವನ್ನು ಎಲ್ಲರೂ ಸೇರಿ ಕಟ್ಟಿದ್ದನ್ನು ಆಕೆ ತನ್ನ ನೆನಪಿನ ಪುಸ್ತಕದಲ್ಲಿ ಬರೆದಿದ್ದಾಳೆ. ಮಕ್ಕಳು ಚೀಟಿ ಎತ್ತುತ್ತಿದ್ದರು. ಚೀಟಿಯಲ್ಲಿ ಯಾರ ಹೆಸರು ಬಂತೋ ಅವರಿಗೆ ಹಬ್ಬದವರೆಗೆ ಗುಟ್ಟಾಗಿ ಉಪಕಾರ ಮಾಡಬೇಕು. ಹಾಸಿಗೆ ಮಡಿಚಿರುತ್ತದೆ, ಬೂಟು ಹೊಳೆಯುತ್ತಿರುತ್ತದೆ, ಮಾಡಿದವರು ಯಾರೆಂದು ತಿಳಿಯುವಂತಿಲ್ಲ. ಸಂಜೆ ಒಬ್ಬರು ಕಥೆ ಓದುತ್ತಿದ್ದರೆ ಉಳಿದವರ ಕೈಯಲ್ಲಿ ಸೂಜಿ, ನೂಲು, ಮರದ ತುಂಡು. ಒಬ್ಬ ಹುಡುಗಿಯ ಪಾಠಕ್ಕೆಂದು ಶುರುವಾದದ್ದು ಇಡೀ ಮನೆಯನ್ನು ಶಾಲೆಯಾಗಿಸಿತು. 1927ರ ನವೆಂಬರ್‌ನಲ್ಲಿ ಮರಿಯಾ ಅದೇ ಮನೆಯ ಯಜಮಾನಿಯಾದಳು.

ಆರ್ಥಿಕ ಕುಸಿತದ ಕಾಲ ಅದು. ಗೆಯೋರ್ಗ್ ಹಣವಿಟ್ಟಿದ್ದ ಆಸ್ಟ್ರಿಯಾದ ಬ್ಯಾಂಕು ಮುಳುಗಿತು. ಸಿರಿವಂತಿಕೆ ಒಮ್ಮೆಗೇ ಕರಗಿತು. ಆಳುಕಾಳುಗಳನ್ನು ಕಡಿಮೆ ಮಾಡಿ, ಕೋಣೆಗಳನ್ನು ಬಾಡಿಗೆಗೆ ಕೊಟ್ಟರು. ಹಾಗೆ ಬಂದು ಸೇರಿದವರಲ್ಲಿ ಪಾದ್ರಿ ಫ್ರಾಂಜ್ ವಾಸ್ನರ್ ಒಬ್ಬರು. ಸಂಗೀತ ಬಲ್ಲ ಅವರು ಈ ಮನೆವಾರ್ತೆಯ ಹಾಡನ್ನು ತಿದ್ದಿ ತೀಡಿದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಜೊತೆಗಿದ್ದ ಈ ಗುರುವಿಗೆ ಚಿತ್ರದಲ್ಲಿ ಜಾಗವೇ ಇಲ್ಲ. 1936ರಲ್ಲಿ ಖ್ಯಾತ ಗಾಯಕಿ ಲೊಟ್ಟೆ ಲೇಮನ್ ಇವರ ಹಾಡು ಕೇಳಿ, ಸಾಲ್ಜ್‌ಬರ್ಗಿನ ಸ್ಪರ್ಧೆಗೆ ಹೋಗಲೇಬೇಕೆಂದು ಒತ್ತಾಯಿಸಿದಳು. ಮಕ್ಕಳು ವೇದಿಕೆಯಲ್ಲಿ ಹಾಡುವುದು ಗೆಯೋರ್ಗ್‌ಗೆ ಅವಮಾನವೆನಿಸಿತ್ತು. ಆದರೂ ಹಾಡಿದರು, ಗೆದ್ದರು.

1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಮನೆಯಲ್ಲಿ ಕಲಿತದ್ದಕ್ಕೂ ಹೊರಗೆ ಕಲಿಸುತ್ತಿದ್ದುದಕ್ಕೂ ಘರ್ಷಣೆ ಹುಟ್ಟಿತು. ಶಾಲೆಯಲ್ಲಿ ನಾಜಿಗಳ ಗೀತೆಯನ್ನು ಹಾಡಲು ಕಿರಿಯ ಮಗಳು ಒಪ್ಪಲಿಲ್ಲ. ಶಿಕ್ಷಕಿ ತಾಯಿಯನ್ನು ಕರೆಸಿದಳು. ಅಷ್ಟರಲ್ಲಿ ಆಮಿಷಗಳೂ ಬಂದವು. ಗೆಯೋರ್ಗ್‌ಗೆ ಜರ್ಮನ್ ನೌಕಾಪಡೆಯಲ್ಲಿ ಹುದ್ದೆ. ವೈದ್ಯನಾಗಿದ್ದ ಹಿರಿಯ ಮಗ ರೂಪರ್ಟ್‌ಗೆ ವಿಯೆನ್ನಾದ ಆಸ್ಪತ್ರೆಯಲ್ಲಿ ಕೆಲಸ; ಯಹೂದಿ ವೈದ್ಯರನ್ನು ಹೊರಗಟ್ಟಿದ್ದರಿಂದ ಖಾಲಿಯಾದ ಕುರ್ಚಿ ಅದು. ಇಡೀ ಕುಟುಂಬಕ್ಕೆ ಹಿಟ್ಲರನ ಹುಟ್ಟುಹಬ್ಬದ ಸಲುವಾಗಿ ಹಾಡುವ ಆಹ್ವಾನ. ತಂದೆ ಮಕ್ಕಳನ್ನೆಲ್ಲ ಕೂರಿಸಿಕೊಂಡು, ಮನೆ ಮತ್ತು ಮಾನ ಎರಡರಲ್ಲಿ ಯಾವುದು ಬೇಕೆಂದು ಕೇಳಿದ. ಮೂರು ಆಹ್ವಾನಗಳಿಗೂ ಇಲ್ಲವೆಂದರು. ಆ ಬೇಸಿಗೆಯಲ್ಲಿ ರೈಲು ಹತ್ತಿ ಇಟಲಿಗೆ ಹೋದರು. ಅವರ ಮನೆಯನ್ನು ಮುಂದೆ ಹಿಮ್ಲರ್ ತನ್ನ ವಸತಿ ಮಾಡಿಕೊಂಡ. ಗೋಡೆ, ತೋಟ, ಪೀಠೋಪಕರಣ ಎಲ್ಲವೂ ಅವನ ಕೈಸೇರಿತು.

1938ರ ಅಕ್ಟೋಬರ್‌ನಲ್ಲಿ ಕುಟುಂಬ ನ್ಯೂಯಾರ್ಕ್ ಮುಟ್ಟಿತು. ಒಂಬತ್ತು ಮಕ್ಕಳು, ಪಾದ್ರಿ ವಾಸ್ನರ್, ತುಂಬು ಬಸುರಿ ಮರಿಯಾ. ಅವಳ ಪರ್ಸಿನಲ್ಲಿ ಇದ್ದದ್ದು ನಾಲ್ಕು ಡಾಲರ್ ಮಾತ್ರ. ಡಿಸೆಂಬರ್‌ನಲ್ಲಿ ನಗರದ ಟೌನ್ ಹಾಲ್‌ನಲ್ಲಿ ಹಾಡಿದಾಗ ಪತ್ರಿಕೆಗಳು ಮೆಚ್ಚಿ ಬರೆದವು. ಆದರೆ ವೀಸಾ ಅವಧಿ ಮುಗಿದು 1939ರಲ್ಲಿ ಮತ್ತೆ ಯೂರೋಪಿಗೆ ಹೋಗಬೇಕಾಯಿತು. ಅದೇ ಅಕ್ಟೋಬರ್‌ನಲ್ಲಿ ಹಿಂದಿರುಗಿದಾಗ, ಎಷ್ಟು ದಿನ ಇರುತ್ತೀರಿ ಎಂಬ ಅಧಿಕಾರಿಯ ಪ್ರಶ್ನೆಗೆ ಮರಿಯಾ, ಶಾಶ್ವತವಾಗಿ ಇರುವ ಆಸೆ ಎಂದುಬಿಟ್ಟಳು. ನಿಜ ನುಡಿದ ತಪ್ಪಿಗೆ ಎಲ್ಲಿಸ್ ದ್ವೀಪದಲ್ಲಿ ಬಂಧನ. ಬಿಡುಗಡೆಯಾದ ಮೇಲೆ ಹೆನ್ರಿ ಡ್ರಿಂಕರ್ ಎಂಬ ಸಂಗೀತಪ್ರಿಯ ವಕೀಲರು ಫಿಲಡೆಲ್ಫಿಯಾ ಹತ್ತಿರದ ಮೆರಿಯನ್‌ನಲ್ಲಿ ವಾಸಕ್ಕೆ ಮನೆ ಕೊಟ್ಟರು.

ಗಾಯನ ಕಾರ್ಯಕ್ರಮಗಳಿಗೆ ಋತುವಿದೆ, ಹೊಟ್ಟೆಗೆ ಋತುವಿಲ್ಲ. ಹಾಡಿನಿಂದ ಸಂಪಾದನೆ ಸಾಲದೆ ಬಂದಾಗ ಸಾಲ್ಜ್‌ಬರ್ಗಿನ ಚಳಿಗಾಲದ ಸಂಜೆಗಳು ನೆರವಿಗೆ ಬಂದವು. ಮರದ ಕೆಲಸ, ಚರ್ಮದ ಕೆಲಸ, ಚಿತ್ರ ಎಂದು ಯಾರಿಗೆ ಯಾವುದು ಬರುತ್ತಿತ್ತೋ ಅದನ್ನು ಮಾಡಿ, ಪ್ರದರ್ಶನಕ್ಕಿಟ್ಟು ಮಾರಿದರು. ಒಂದು ಕಾಲಕ್ಕೆ ಹಬ್ಬದ ಉಡುಗೊರೆಯಾಗಿದ್ದ ಹುನರು ಈಗ ರೊಟ್ಟಿಯಾಯಿತು. ಡಿಸೆಂಬರ್ ಬಂದರೆ ಆಸ್ಟ್ರಿಯಾದ ಹಳ್ಳಿಗಳ ಕ್ರಿಸ್‌ಮಸ್ ಹಾಡುಗಳನ್ನು ಅವರ ಬಾಯಲ್ಲೇ ಕೇಳಲು ಜನ ಕಾಯತೊಡಗಿದರು. ಕೈಗವಸಿನ ವ್ಯಾಪಾರಿಗಳು ಲೈಪ್‌ಜಿಗ್‌ಗೆ ಹೊತ್ತು ತಂದಿದ್ದ ಹಾಡನ್ನು ನೂರು ವರ್ಷದ ನಂತರ ನಿರಾಶ್ರಿತರು ಅಮೆರಿಕದ ಊರೂರಿಗೆ ಹೊತ್ತರು.

1942ರಲ್ಲಿ ವರ್ಮಾಂಟ್ ರಾಜ್ಯದ ಸ್ಟೋ ಎಂಬಲ್ಲಿ ಹಳೆಯ ಹೊಲಮನೆ ಕೊಂಡರು. ಗಂಡುಮಕ್ಕಳಿಬ್ಬರೂ ಅಮೆರಿಕದ ಸೇನೆ ಸೇರಿ ನಾಜಿಗಳ ವಿರುದ್ಧದ ಯುದ್ಧಕ್ಕೆ ಹೋದರು. ಯುದ್ಧ ಮುಗಿದಾಗ ಆಸ್ಟ್ರಿಯಾ ಹಸಿದಿತ್ತು. 1947ರಲ್ಲಿ ಕುಟುಂಬ ಒಂದು ಪರಿಹಾರ ಸಂಸ್ಥೆ ಕಟ್ಟಿತು. ಹಾಡಿದ ಊರುಗಳಲ್ಲೆಲ್ಲ ಬಟ್ಟೆ, ಬೂಟು, ಆಹಾರ ಬೇಡಿ, ತಮ್ಮನ್ನು ಕಳೆದುಕೊಂಡ ನೆಲಕ್ಕೇ ಕಳಿಸಿಕೊಟ್ಟರು. ಅದೇ ವರ್ಷ ಗೆಯೋರ್ಗ್ ತೀರಿಕೊಂಡ.

ಈ ಮನೆಯನ್ನು ಸ್ವರ್ಗವೆಂದು ಚಿತ್ರಿಸುವುದು ನ್ಯಾಯವಲ್ಲ. ಮರಿಯಾಳದು ಬಿರುಸು ಸ್ವಭಾವ ಎಂಬುದನ್ನು ಮಕ್ಕಳೇ ಮುಂದೆ ಹೇಳಿದ್ದಾರೆ. ಚಿತ್ರದ ತಂದೆಗಿಂತ ನಿಜವಾದ ತಂದೆ ಬಹಳ ಮೃದು ಎಂದೂ ಅವರೇ ಹೇಳಿದ್ದಾರೆ. ಪ್ರೀತಿಯ ಹಾಡು ಕುಟುಂಬದ ದುಡಿಮೆಯಾದಾಗ, ತನ್ನದೇ ದಾರಿ ಹುಡುಕಬೇಕಾದ ವಯಸ್ಸಿನ ಮಗನೋ ಮಗಳೋ ಗುಂಪಿಗೆ ಕಟ್ಟುಬೀಳಬೇಕಾಗುತ್ತದೆ. 1950ರ ದಶಕದ ನಡುವಿನಲ್ಲಿ ಗಾಯನದ ಗುಂಪು ನಿಂತುಹೋಯಿತು. ಮರಿಯಾ ತನ್ನ ಕಥೆಯ ಚಿತ್ರದ ಹಕ್ಕನ್ನು ಜರ್ಮನ್ ನಿರ್ಮಾಪಕರಿಗೆ ಸಣ್ಣ ಮೊತ್ತಕ್ಕೆ ಮಾರಿಬಿಟ್ಟಿದ್ದಳು. ಜಗತ್ತು ಕುಣಿದು ನೋಡಿದ ಚಿತ್ರದ ಸಂಪತ್ತೂ ಬಹುಪಾಲು ಬೇರೆಯವರದಾಯಿತು. ಅವರಿಗೆ ಅದೂ ರೂಢಿಯಾಗಿತ್ತೇನೋ!

ಕ್ರೈಸ್ತರ ಮನೆಯ ಹಬ್ಬದ ಕಥೆ ನಮಗೇಕೆ ಎಂದು ಕೆಲವು ಓದುಗರು ಕೇಳಬಹುದು. ಹಜ್ರತ್ ಈಸಾ (ಅ) ನಮಗೂ ಪ್ರವಾದಿ. ಅವರ ತಾಯಿಯ ಹೆಸರಿನಲ್ಲಿ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ. ನಂಬಿಕೆಯ ವಿವರಗಳಲ್ಲಿ ನಮಗೂ ಅವರಿಗೂ ಭೇದವಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ನಂಬಿಕೆಗಾಗಿ ಮನೆ ಬಿಟ್ಟವರ ನೋವನ್ನು ನಮಗೆ ಯಾರೂ ವಿವರಿಸಬೇಕಿಲ್ಲ. ಹಿಜ್ರತ್ ಮಾಡಿದ ಮಕ್ಕಾದ ಮುಸ್ಲಿಮರ ಮನೆಗಳನ್ನೂ ಬೇರೆಯವರು ಆಕ್ರಮಿಸಿಕೊಂಡಿದ್ದರು. ಸ್ವಂತ ಕೈಯ ದುಡಿಮೆಯಿಂದ ಉಣ್ಣುವವನ ಅನ್ನವೇ ಶ್ರೇಷ್ಠವೆಂದು ಪ್ರವಾದಿವರ್ಯರು (ಸ) ಹೇಳಿದರು. ಅದಕ್ಕೆ ಹಜ್ರತ್ ದಾವೂದ್ (ಅ) ಅವರ ಉದಾಹರಣೆ ಕೊಟ್ಟರು.

ಉರ್ದುವಿನಲ್ಲಿ ತಾಲೀಮ್ ಮತ್ತು ತರ್ಬಿಯತ್ ಎಂಬ ಎರಡು ಮಾತುಗಳಿವೆ. ತಾಲೀಮ್ ಶಾಲೆಯಲ್ಲಿ ಸಿಗುತ್ತದೆ. ತರ್ಬಿಯತ್ ಮನೆಯಲ್ಲಿ, ಅಮ್ಮಿಯ ಪಕ್ಕದಲ್ಲಿ ಕೂತು, ಕೈಯಿಂದ ಕೈಗೆ ಬರಬೇಕು. ಮಕ್ಕಳನ್ನು ಶಾಲೆ ಬಿಡಿಸಿ ಎಂದು ನಾವು ಹೇಳುತ್ತಿಲ್ಲ. ಶಾಲೆಗಾಗಿ, ಅದರಲ್ಲೂ ಹೆಣ್ಣುಮಕ್ಕಳ ಶಾಲೆಗಾಗಿ, ಇಷ್ಟು ಕಾಲ ಹೋರಾಡಿದ ಸಮಾಜಕ್ಕೆ ಅದು ಆತ್ಮಘಾತಕದ ಮಾತಾದೀತು. ಶಾಲೆ ಮುಗಿಸಿ ಬಂದ ಮಗುವಿಗೆ ಮನೆ ಏನು ಕಲಿಸುತ್ತಿದೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮುಂಚೆ ಎಲ್ಲರೂ ಕೂತು ಕುಸ್ವಾರ್ ಮಾಡುವ ರೂಢಿಯಿದೆ. ಹಿಟ್ಟನ್ನು ಬೆರಳಲ್ಲಿ ಸುರುಳಿ ಮಾಡಿ ಕಿಡಿಯೊ, ಹೂರಣ ತುಂಬಿ ನೆವ್ರಿ. ಮಕ್ಕಳ ಪಾಲಿಗೆ ಗೋದಲಿ ಕಟ್ಟುವ ಕೆಲಸ. ತಟ್ಟೆಯಲ್ಲಿಟ್ಟ ಕುಸ್ವಾರ್ ನೆರೆಯ ಮುಸ್ಲಿಮರ ಮನೆಗೂ ಬರುತ್ತದೆ. ಈಗ ಅದು ಬೇಕರಿಗಳಲ್ಲಿ ಪೊಟ್ಟಣವಾಗಿಯೂ ಸಿಗುತ್ತದೆ. ನಮ್ಮ ಕಡೆಯ ಕಥೆಯೂ ಬೇರೆಯಲ್ಲ. ಉತ್ತರ ಕರ್ನಾಟಕದಲ್ಲಿ ಈದ್‌ಗೆ ಮುಂಚೆ ಓಣಿಯ ಹೆಂಗಸರು ಕೂಡಿ ಮಣೆಯ ಮೇಲೆ ಶ್ಯಾವಿಗೆ ಹೊಸೆಯುತ್ತಿದ್ದರು. ಕೆಲಸದ ಜೊತೆಗೆ ಹಾಡು ಬರುತ್ತಿತ್ತು, ನಾತ್ ಬರುತ್ತಿತ್ತು, ಅಕ್ಕಪಕ್ಕದ ಹಿಂದೂ ಹೆಣ್ಣುಮಕ್ಕಳೂ ಕೈ ಸೇರಿಸುತ್ತಿದ್ದರು. ಇಂದು ಸುರಕುಂಬಾಕ್ಕೆ ಶ್ಯಾವಿಗೆ ಅಂಗಡಿಯಿಂದ ಬರುತ್ತದೆ. ರುಚಿಯಲ್ಲಿ ಹೆಚ್ಚು ವ್ಯತ್ಯಾಸವಿರಲಿಕ್ಕಿಲ್ಲ. ಆದರೆ ಆ ನಾಲ್ಕು ದಿನ ಒಂದೇ ಅಂಗಳದಲ್ಲಿ ಕೂತವರು ಪರಸ್ಪರ ಕಲಿತದ್ದು ಪೊಟ್ಟಣದಲ್ಲಿ ಬರುವುದಿಲ್ಲ.

ಬ್ಯಾಂಕು ಮುಳುಗಬಹುದು, ಮನೆಯ ಬಾಗಿಲಿಗೆ ಬೀಗ ಬೀಳಬಹುದು, ನೀನು ಈ ದೇಶದವನೇ ಎಂದು ಒಂದು ದಿನ ಯಾರಾದರೂ ಕೇಳಬಹುದು. ಇದು ಯೂರೋಪಿನಲ್ಲಿ ಮಾತ್ರ ನಡೆಯುವ ಮಾತಲ್ಲ. ಅಂಥ ದಿನ ಬಂದರೆ ನಮ್ಮ ಮಕ್ಕಳ ಕೈಗೆ ಏನು ಬರುತ್ತದೆ, ಬಾಯಿಗೆ ಯಾವ ಹಾಡು ಬರುತ್ತದೆ, ಯಾವುದಕ್ಕೆ ಇಲ್ಲವೆನ್ನುವ ಧೈರ್ಯ ಬರುತ್ತದೆ? ಬರುವ ಹಬ್ಬಕ್ಕಾದರೂ ಶ್ಯಾವಿಗೆ ಮಣೆಯನ್ನು ಅಟ್ಟದಿಂದ ಇಳಿಸೋಣ. ಮಗನನ್ನೂ ಮಗಳನ್ನೂ ಪಕ್ಕಕ್ಕೆ ಕೂರಿಸಿಕೊಳ್ಳೋಣ, ನೆರೆಮನೆಯವರನ್ನೂ ಕರೆಯೋಣ.