ಗಣಿಯ ಊರಾಗ ಕುದುರೆ ಗಾಡಿ

ನಾವು ಹೊಲಕ್ಕ ಹಾಕೋ ಪೊಟ್ಯಾಷ್ ಗೊಬ್ಬರ ಫ್ರಾನ್ಸ್ ದೇಶದ ಅಲ್ಸೇಸ್ ಸೀಮೆಯ ನೆಲದಾಗ ಸಿಕ್ಕಿದ್ದು 1904ರಲ್ಲಿ. ಅಲ್ಲಿ ಉಂಗರ್ಸ್‌ಹೈಮ್ ಅಂತ ಸುಮಾರು 2,000 ಮಂದಿಯ ಊರದ. ಮಂದಿ ಗಣಿ ನಂಬಿಕೊಂಡೇ ಬದುಕಿದ್ದರು. 2002ಕ್ಕ ಆ ಸೀಮೆಯ ಪೊಟ್ಯಾಷ್ ಅಗೆತ ನಿಂತಿತು. ಮುಂದೇನು?

ಗಣಿಯಾಗ ದುಡಿದ ಜಾಂ-ಕ್ಲೋದ್ ಮೆನ್ಶ್ 1989ರಲ್ಲೇ ಅಲ್ಲಿ ಮೇಯರ್ ಆಗಿದ್ದರು, ಅಂದ್ರ ನಮ್ಮ ಸರಪಂಚ ಇದ್ದಂಗ. ಗಣಿಯ ಹಾಳು ಜಾಗದಾಗ ಬಿಸಿಲಿನಿಂದ ಕರೆಂಟ್ ಮಾಡೋ ಸೋಲಾರ್ ಬಂತು. ರಾಸಾಯನಿಕ ಇಲ್ಲದ ಕಾಯಿಪಲ್ಲೆ ಊರಾಗೇ ಬೆಳೆದು ಸಾಲಿ ಮಕ್ಕಳ ಊಟಕ್ಕ ಕೊಟ್ಟರು. ನನಗ ಭಾಳ ಹಿಡಿಸಿದ್ದು ಮಕ್ಕಳನ್ನ ಸಾಲಿಗೆ ಒಯ್ಯೋ ಕುದುರೆ ಗಾಡಿ. ನಾವು ಎತ್ತು ಮಾರಿ ಟ್ರ್ಯಾಕ್ಟರ್ ತಂದವರು, ಅವರು ಕುದುರೆ ತಂದರು!

2013ರಲ್ಲಿ ಊರಿಗೊಂದು ರೊಕ್ಕನೂ ಮಾಡಿದರು. ಹೆಸರು ‘ರಾದಿ’, ಅಂದ್ರ ಮೂಲಂಗಿ. ಒಂದು ಮೂಲಂಗಿಗೆ ಒಂದು ಯೂರೋ. ಅದು ದೂರದ ಪ್ಯಾಟಿಗೆ ಹೋಗದೆ ಊರ ಅಂಗಡಿಯಾಗೇ ತಿರುಗತಿತ್ತು.