ಸಿಲಿಕೋನ್ ಕ್ಯಾಥೆಟರ್ ದುಬಾರಿಯಾಗಲು ಪೇಟೆಂಟ್ ಕಾರಣವೇ?

ರಾಜಾಜಿನಗರವಿರಲಿ, ಕೆಂಗೇರಿಯಿರಲಿ, ಹಾಸಿಗೆ ಹಿಡಿದ ಹಿರಿಯರಿರುವ ಮನೆಗಳಿಗೆ ‘ಯೂರಿನ್ ಪೈಪ್’ ಪರಿಚಿತ. ಅದರ ಹೆಸರು ಫೋಲಿ ಕ್ಯಾಥೆಟರ್. ಮೂತ್ರಕೋಶದೊಳಗಿನ ತುದಿಯಲ್ಲಿರುವ ಪುಟ್ಟ ಬಲೂನಿಗೆ ನೀರು ತುಂಬಿದರೆ ಪೈಪು ಜಾರುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಲೇಟೆಕ್ಸ್‌ನದೂ ಸಿಗುತ್ತದೆ, ಸಿಲಿಕೋನ್‌ನದೂ ಸಿಗುತ್ತದೆ. ಸಿಲಿಕೋನ್‌ಗೆ ಬೆಲೆ ಹೆಚ್ಚು. “ಪೇಟೆಂಟ್ ಇದೆ, ಅದಕ್ಕೇ ದುಬಾರಿ” ಎಂಬ ಮಾತು ನಮ್ಮ ಕಿವಿಗೂ ಬಿದ್ದಿದೆ. ಇದು ನಿಜವೇ?

ಹೆಸರು ಒಬ್ಬರದು, ಪೇಟೆಂಟ್ ಇನ್ನೊಬ್ಬರದು

ಅಮೆರಿಕದ ಮೂತ್ರರೋಗ ತಜ್ಞ ಫ್ರೆಡರಿಕ್ ಫೋಲಿ ಬಲೂನಿನ ಕ್ಯಾಥೆಟರ್‌ಗಾಗಿ 1936ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಆದರೆ ಡೇವೊಲ್ ರಬ್ಬರ್ ಕಂಪನಿಯ ಪಾಲ್ ರೈಶ್ ಕೆಲವೇ ತಿಂಗಳ ಮೊದಲು ಪೇಟೆಂಟ್ ಪಡೆದಾಗಿತ್ತು. ಪೇಟೆಂಟ್ ಕಚೇರಿಯ ಮೇಲ್ಮನವಿ ಮಂಡಳಿ ಫೋಲಿ ಪರ ನಿಂತರೂ ಮುಂದಿನ ಮೇಲ್ಮನವಿಯಲ್ಲಿ ಆ ತೀರ್ಮಾನ ಬಿದ್ದುಹೋಯಿತು. ಹಕ್ಕು ಕಂಪನಿಗೆ ಹೋಯಿತು, ಫೋಲಿಗೆ ಉಳಿದದ್ದು ಹೆಸರು ಮಾತ್ರ.

ವಸ್ತು ಬದಲಿಸಿದರೆ ಪೇಟೆಂಟ್ ಸಿಗುತ್ತದೆಯೇ?

ಅಷ್ಟರಿಂದಲೇ ಸಿಗುವುದಿಲ್ಲ. ಮರ, ಲೋಹದ ಬದಲು ಜೇಡಿಮಣ್ಣಿನಿಂದ ಬಾಗಿಲಿನ ಹಿಡಿ ಮಾಡಿದ್ದಕ್ಕೆ ಪೇಟೆಂಟ್ ಸಲ್ಲದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1851ರಲ್ಲೇ ಹೇಳಿತ್ತು. ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲೂ, ಆ ಕೆಲಸ ಬಲ್ಲವರಿಗೆ ಸಹಜವಾಗಿ ಹೊಳೆಯುವಂಥ ಬದಲಾವಣೆಗೆ ಪೇಟೆಂಟ್ ಇಲ್ಲ.

ಆದರೆ ವಸ್ತು ತಂದೊಡ್ಡುವ ತೊಡಕನ್ನು ಹೊಸ ರೀತಿಯಲ್ಲಿ ಬಿಡಿಸಿದರೆ ಮಾತು ಬೇರೆ. ಸಿಲಿಕೋನ್ ಬಲೂನಿನ ಗೋಡೆಯ ಮೂಲಕ ನೀರು ನಿಧಾನವಾಗಿ ಹೊರಹೋಗುತ್ತದೆ. ಇದನ್ನು ಯಾರಿಗೂ ಹೊಳೆಯದ ಉಪಾಯದಿಂದ ತಡೆದವರು ಪೇಟೆಂಟ್ ಕೇಳಬಹುದು. ಪೀಣ್ಯದ ಕಾರ್ಖಾನೆಯವರು ಇಂಥದ್ದನ್ನು ಕಂಡುಹಿಡಿದರೆ ಅರ್ಜಿ ಹೋಗುವುದು ಚೆನ್ನೈ ಪೇಟೆಂಟ್ ಕಚೇರಿಗೆ. ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮುನ್ನ, ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು.

ಹಾಗಾದರೆ ಬೆಲೆ ಏಕೆ ಹೆಚ್ಚು?

ಪೇಟೆಂಟ್ ಅವಧಿ 20 ವರ್ಷ. ಸಾದಾ ಸಿಲಿಕೋನ್ ಕ್ಯಾಥೆಟರ್ ಅದಕ್ಕಿಂತ ಹಳೆಯದು. ಯಾವುದಾದರೂ ವಿಶೇಷ ಲೇಪನಕ್ಕೆ ಪೇಟೆಂಟ್ ಇರಬಹುದು. ಉಳಿದಂತೆ, ಲೇಟೆಕ್ಸ್‌ಗಿಂತ ಸಿಲಿಕೋನ್ ಕಚ್ಚಾವಸ್ತುವೇ ದುಬಾರಿ.

ಯಾವುದನ್ನು ಕೊಳ್ಳಬೇಕು?

ಲೇಟೆಕ್ಸ್ ಅಲರ್ಜಿ ಇದ್ದವರಿಗೆ ಸಿಲಿಕೋನ್ ಬೇಕೇ ಬೇಕು. ವಾರಗಟ್ಟಲೆ ಪೈಪು ಇರಬೇಕಾದವರಿಗೂ ಸಾಮಾನ್ಯವಾಗಿ ಅದನ್ನೇ ಸೂಚಿಸುತ್ತಾರೆ. ಕೆಲವೇ ದಿನಗಳ ಬಳಕೆಗೆ ಲೇಟೆಕ್ಸ್ ಸಾಕಾಗಬಹುದು. ಎಷ್ಟು ದಿನ ಇಡಬೇಕು, ಅಲರ್ಜಿ ಇದೆಯೇ ಎಂದು ವೈದ್ಯರನ್ನು ಕೇಳಿ ಕೊಳ್ಳಿ. ಬೆಲೆ ನೋಡಿ ಅಲ್ಲ.

ಸಾರಾಂಶ: ಸಿಲಿಕೋನ್ ಎಂಬ ಕಾರಣಕ್ಕೇ ಪೇಟೆಂಟ್ ಇದೆ ಎಂಬುದು ತಪ್ಪು ತಿಳಿವಳಿಕೆ.